ಜನರಲ್ ಸಾಹೇಬರು ಹೇಳಿದರೆ ಸೈ

ಕರಡಿಹಾಳದ ಕೊಟ್ರಬಸಪ್ಪನವರು ಮಾತು ಶುರು ಮಾಡಿದರೆ ಕೇಳುವವರು ಒಂದು ನಿದ್ದೆ ತೆಗೆದು ಏಳಬಹುದಿತ್ತು. ಅಂಥ ಮನುಷ್ಯ ಆವತ್ತು ಹನುಮಪ್ಪನ ಗುಡಿಕಟ್ಟೆಯ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತ, ಒಂದೇ ಉಸಿರಿಗೆ ಹುಲಗೆಮ್ಮನ ಬಾಳೇವು ಮುಗಿಸಿಬಿಟ್ಟರು.

"ಗಂಡ ಸತ್ತಾನಂತ ಯಾರ ಹೇಳ್ಯಾರ? ಹೆಣ ಬಂದಿಲ್ಲ, ಮಣ್ಣಾಗಿಲ್ಲ, ಬಳಿ ಒಡದಿಲ್ಲ. ಗಂಡ ಇರೂ ಹೆಣ್ಮಗಳಿಗೆ ಉಡಕಿ ಮಾಡಿ ಕೊಟ್ಟು, ನಾಳೆ ಅಂವ ಟ್ರಂಕು ಹೊತಗೊಂಡು ಬಂದು ನಿಂತ್ರ ದೈವದವರು ಮಾರಿ ಎಲ್ಲಿ ಇಟಗೊಳ್ಳೂಣು?"

ಗಂಡ ಸತ್ತವಳಿಗೆ ಇನ್ನೊಬ್ಬ ಗಂಡಸು ಸೀರೆ ಉಡಿಸಿ ಕರೆದುಕೊಂಡು ಹೋಗುವುದು, ಅದೇ ಉಡಕಿ, ಹುಲಗೆಮ್ಮನ ಮಂದಿಯಲ್ಲಿ ಹಿಂದಿನಿಂದ ನಡೆದು ಬಂದದ್ದು. ಓಲಗವಿಲ್ಲ, ಅಕ್ಕಿಕಾಳಿಲ್ಲ. ಊರ ಹಿರಿಯರು, ಅಂದರೆ ದೈವದವರು, ಎಲೆ ಅಡಿಕೆ ಹಾಕಿಕೊಂಡು ಹೂಂ ಅಂದರೆ ಮುಗಿಯಿತು. ಆ ಒಂದು ಹೂಂ ಸಲುವಾಗಿ ಆಕೆಯ ಮೈದುನ ಕನಕಪ್ಪ ಅತ್ತಿಗೆಯ ಪರವಾಗಿ ಕಟ್ಟೆಯ ಕೆಳಗೆ ಕೈಕಟ್ಟಿ ನಿಂತಿದ್ದ. ಅವನಿಗೆ ಕೈಕಟ್ಟಿ ನಿಲ್ಲುವುದು ಬರುತ್ತಿರಲಿಲ್ಲ. ಆರನೇತ್ತಕ್ಕೆ ಸಾಲಿ ಬಿಟ್ಟದ್ದೂ ಅದೇ ಕಾರಣಕ್ಕೆ.

"ಬಾಂಗ್ಲಾ ಯುದ್ಧ ಮುಗದು ಎಂಟು ವರ್ಷ ಆತ್ರಿ ಯಜಮಾನ್ರ. ಅಣ್ಣ ಇದ್ದಿದ್ರ ಇಷ್ಟೊತ್ತಿಗೆ ನಡಕೊಂತರ ಬರ್ತಿದ್ದ."

"ಎಂಬತ್ತಾಗ್ಲಿ! ಮಿಲ್ಟ್ರಿ ಎಲ್ಲಾರಕಿಂತ ದೊಡ್ಡ ಸಾಹೇಬ ನಮ್ಮ ಮುಂದ ಬಂದು ನಿಂತು, ಮುದಿಯಪ್ಪ ಸತ್ತಾನಂತ ಬಾಯಿ ಬಿಟ್ಟು ಹೇಳ್ಲಿ. ಮರುದಿನ ಉಡಕಿ. ಇದು ಕೊಟ್ರಬಸಪ್ಪನ ಮಾತು."

ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕರಡಿಹಾಳಕ್ಕೆ ಬಸ್ಸೇ ಬರುತ್ತಿರಲಿಲ್ಲ, ಕುಷ್ಟಗಿ ರಸ್ತೆಯಲ್ಲಿ ಇಳಿದು ನಡೆಯಬೇಕು. ಅಂಥಲ್ಲಿಗೆ ಮಿಲ್ಟ್ರಿ ದೊಡ್ಡ ಸಾಹೇಬ!

ದೇವರು ಇದ್ದಾನೋ ಇಲ್ಲವೋ ಅನ್ನುವುದು ಕನಕಪ್ಪನಿಗೆ ಗೊತ್ತಿರಲಿಲ್ಲ. ಇದ್ದರೆ ಅವನಿಗೆ ಚೇಷ್ಟೆ ಬುದ್ಧಿ ಭಾಳ ಅನ್ನುವುದು ಮಾತ್ರ ನಾಲ್ಕು ತಿಂಗಳು ಹೋಗುವುದರೊಳಗೆ ಖಾತ್ರಿಯಾಯಿತು. ದಿಲ್ಲಿಯಲ್ಲಿ ಸರ್ಕಾರ ಬಿತ್ತು. ಚುನಾವಣೆ ಬಂತು. ಮಳೆ ಬಿದ್ದ ಮೇಲೆ ತಗಚಿಗಿಡ ಎದ್ದಂತೆ ಪಾರ್ಟಿಗಳು ಎದ್ದವು. ಎಲ್ಲೋ ಬಂಗಲೆಯಲ್ಲಿ ಗುಲಾಬಿ ಗಿಡಕ್ಕೆ ನೀರು ಹಾಕುತ್ತ ಕೂತಿದ್ದ, ಸೈನ್ಯದ ಮುಖ್ಯಸ್ಥರಾಗಿ ನಿವೃತ್ತರಾದ ಒಬ್ಬ ಜನರಲ್ ಸಾಹೇಬರಿಗೆ ದೇಶ ಎರಡೂ ಕಡೆಯಿಂದ ಹಾಳಾಗುತ್ತಿದೆ ಅನ್ನಿಸಿ, ಅವರು 'ಅಖಿಲ ಭಾರತ ಮಧ್ಯಮಾರ್ಗ ಪಕ್ಷ' ಕಟ್ಟಿದರು. ಆ ಪಕ್ಷಕ್ಕೆ ಕುಷ್ಟಗಿ ತಾಲ್ಲೂಕಿನ ಅಧ್ಯಕ್ಷರು ಯಾರೆಂದರೆ, ಸಾಕ್ಷಾತ್ ಕೊಟ್ರಬಸಪ್ಪನವರು.

ಇದರಲ್ಲಿ ಆಶ್ಚರ್ಯವೇನಿಲ್ಲ. ಕೊಟ್ರಬಸಪ್ಪನವರು ಇದ್ದಬದ್ದ ಪಾರ್ಟಿಗಳ ಮನೆಯಲ್ಲೆಲ್ಲ ಉಂಡು, ಎಲ್ಲ ಮನೆಯವರಿಂದಲೂ ಹೊರಗೆ ಹಾಕಿಸಿಕೊಂಡವರು. ಎರಡೂ ಕಡೆ ಬಾಗಿಲು ಮುಚ್ಚಿದ ಮೇಲೆ ಅವರಿಗೆ ಉಳಿದದ್ದು ನಡುವೆ ನಿಲ್ಲುವುದೊಂದೇ.

ಸುದ್ದಿ ಕೇಳಿದಾಗ ಕನಕಪ್ಪ ಕುಷ್ಟಗಿಯಲ್ಲಿ ಜಿಲಾನಸಾಬನ ಮೈಕ್‌ಸೆಟ್ ಅಂಗಡಿಯಲ್ಲಿ ವಾಯರು ಸುತ್ತುತ್ತಿದ್ದ. ಅದೇ ಅವನ ಕೆಲಸ. ಮದುವೆ, ಉರುಸು, ಪಾರ್ಟಿ ಸಭೆ, ಯಾವುದಾದರೂ ಸರಿ, ಕಂಬ ಹತ್ತಿ ಹಾರ್ನು ಕಟ್ಟುವುದು, ಮಶೀನು ಕಾಯುವುದು. ವೇದಿಕೆಯ ಹಿಂದೆ ಕೂತು ಕೂತು ದೇಶದ ಮುಂದಾಳುಗಳ ಬೆನ್ನು ನೋಡಿದ್ದೇ ಹೆಚ್ಚು. ಬೆನ್ನು ಎಲ್ಲರದೂ ಒಂದೇ ಥರ ಬೆವರುತ್ತಿತ್ತು.

"ಚಾಚಾ, ಜನರಲ್ ಸಾಹೇಬ ಕುಷ್ಟಗಿಗೆ ಬರ್ತಾನಂತ, ಖರೇನ?"

"ಖರೇ. ನಿಮ್ಮ ಕೊಟ್ರಬಸಪ್ಪ ಮುಂಜಾನಿ ಬಂದು ಮೈಕ್ ಹೇಳಿ ಹೋಗ್ಯಾನ. ನಾಕು ಹಾರ್ನು. ಯಾಕಲೇ, ಹಲ್ಲು ಕಿಸಿಯಾಕತ್ತಿ?"

ಕನಕಪ್ಪ ಎಲ್ಲ ಹೇಳಿದ. ಜಿಲಾನಸಾಬ ಬೀಡಿ ಕೆಳಗಿಟ್ಟ. ನಗುವಿಗೆ ಅವನ ಗಡ್ಡ ಅಲುಗಾಡತೊಡಗಿತು. "ಯಾ ಅಲ್ಲಾ! ಬಸಪ್ಪ ತನ್ನ ಗೋರಿ ತಾನ ತೋಡ್ಯಾನಲ್ಲೋ! ನಾನೂ ಅವನೂ ನಿಜಾಮನ ಕಾಲದಾಗ ಒಂದ ಬೆಂಚಿನ ಮ್ಯಾಲೆ ಕುಂತು ಉರ್ದು ಕಲತವ್ರು. ಆವಾಗೂ ಹಿಂಗ, ಬಾಯಿಂದ ಏಟು ತಿಂತಿದ್ದ."

ಹುಲಗೆಮ್ಮನಿಗೆ ಹೇಳಿದಾಗ ಆಕೆ ನಗಲಿಲ್ಲ. ಮದುವೆಯಾಗಿ ಒಂದು ಸುಗ್ಗಿಯೂ ಗಂಡನ ಜೊತೆ ಪೂರಾ ಕಳೆಯದವಳು. ಮುದಿಯಪ್ಪ ಬಳ್ಳಾರಿಯಲ್ಲಿ ಭರ್ತಿಯಾಗಿ ಹೋದವನು ಒಂದು ಸಲ ರಜೆಯ ಮೇಲೆ ಬಂದಿದ್ದ, ಅಷ್ಟೇ. ಆಮೇಲೆ ಯುದ್ಧ, ಆಮೇಲೆ 'ಕಾಣೆಯಾಗಿದ್ದಾನೆ' ಅನ್ನುವ ತಂತಿ. ಅಲ್ಲಿಂದ ಆಕೆ ಮುತ್ತೈದೆಯೂ ಅಲ್ಲದ, ಅಲ್ಲವೆನ್ನುವುದಕ್ಕೂ ಬಾರದ ಹೆಂಗಸು. ಹೋದ ವರ್ಷ ಊರ ಹೆಣ್ಣುಮಕ್ಕಳ ಜೊತೆ ಗಂಗಾವತಿ ಕಡೆ ಭತ್ತದ ನಾಟಿಗೆ ಹೋಗಿದ್ದಾಗ ಅಲ್ಲಿ ರೈಸ್‌ಮಿಲ್ಲಿನ ಹಮಾಲಿ ವಿರುಪಣ್ಣ ಆಕೆಯನ್ನು ನೋಡಿದ, ಎರಡು ಸಲ ಮಾತಾಡಿಸಿದ, ಮೂರನೆಯ ಸಲ ಸೀದಾ ಕನಕಪ್ಪನ ಹತ್ತಿರವೇ ಬಂದು "ನಿಮ್ಮ ಅತ್ತಿಗಿನ್ನ ನನಗ ಉಡಕಿ ಮಾಡಿ ಕೊಡ್ರಿ" ಅಂದ. ಗಂಡಸು ಅಂದರೆ ಹೀಗಿರಬೇಕು ಅಂತ ಕನಕಪ್ಪನಿಗೆ ಭಾಳ ಖುಷಿಯಾಗಿತ್ತು.

"ನಾ ಹೆಂಗ ಕೇಳ್ಲೋ ಅಷ್ಟು ಮಂದ್ಯಾಗ?" ಅಂದಳು ಹುಲಗೆಮ್ಮ.

"ಮೈಕು ನಾ ಕೊಡ್ತೀನಿ. ನೀ ಕೇಳು, ಸತ್ತಾನೋ ಬದುಕ್ಯಾನೋ ಅಂತ. ಸತ್ತಾನ ಅಂತ ಆ ಸಾಹೇಬ ಅಂದ್ರ ಸಾಕು."

"ಅತ್ತಿ?"

ಅದೇ ಗಂಟು. ಅವ್ವ ದುರುಗವ್ವನ ಪ್ರಕಾರ ಮುದಿಯಪ್ಪ ಪಾಕಿಸ್ತಾನದ ಜೇಲಿನಲ್ಲಿದ್ದ. ಆ ದೊಡ್ಡ ಸಾಹೇಬರೆಲ್ಲ ದಿನಾ ಅವನನ್ನು ಹುಡುಕುತ್ತಿದ್ದಾರೆ, ಸಿಕ್ಕ ಕೂಡಲೇ ಕಳಿಸುತ್ತಾರೆ. ಆಕೆಯ ಚಿಂತೆಯೇ ಬೇರೆ: "ಅಲ್ಲಿ ಬರೇ ಗೋದಿ ಹಾಕ್ತಾರಂತ. ಅವಗ ಗೋದಿ ಹೊಟ್ಟಿಗೆ ಹತ್ತಂಗಿಲ್ಲ." ಜನರಲ್ ಸಾಹೇಬ ಬರುತ್ತಾನೆ ಅನ್ನುವುದು ಆಕೆಯ ಕಿವಿಗೂ ಬಿತ್ತು. ಕನಕಪ್ಪ ಬೇಡವೆಂದರೂ ಕೇಳದೆ, ಸಭೆಯ ದಿನ ಬೆಳಗಾಗುವುದರೊಳಗೆ ಜೋಳದ ಕಟಕ ರೊಟ್ಟಿ ತೆಳ್ಳಗೆ ಬಡಿದು, ಗರಿಗರಿ ಒಣಗಿಸಿ, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿದಳು.

"ಇದ್ಯಾಕವ್ವ?"

"ಸಾಹೇಬನ ಕೈಯಾಗ ಕೊಟ್ಟು ಕಳಸ್ತೀನಿ. ತಿಂಗಳಗಟ್ಲೆ ಇದ್ರೂ ಕೆಡಂಗಿಲ್ಲ."

ಸಿಟ್ಟು ಬರಲು ಕನಕಪ್ಪನಿಗೆ ಕಾರಣ ಬೇಕಿರಲಿಲ್ಲ, ಮುಂಜಾನೆ ಮುಖ ತೊಳೆಯುವಾಗಲೇ ಬರುತ್ತಿತ್ತು. ಆದರೆ ಈ ಗಂಟಿನ ಮೇಲೆ ಹೇಗೆ ಸಿಟ್ಟಾಗಬೇಕು ಅನ್ನುವುದು ತಿಳಿಯಲಿಲ್ಲ.

ಸಭೆಗೆ ಜನ ಸೇರಿಸುವುದೂ ಮೈಕಿನವನ ಕೆಲಸವೇ. ಹಿಂದಿನ ಎರಡು ದಿನ ಕನಕಪ್ಪ ಜೀಪಿಗೆ ಹಾರ್ನು ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿದ. ಕೊಟ್ರಬಸಪ್ಪನವರು ಬರೆದು ಕೊಟ್ಟ ಭಾಷಣದ ಚೀಟಿಯಿಂದ ಶೇಂಗಾ ಪೊಟ್ಟಣ ಮಾಡಿಕೊಂಡು, ತನ್ನದೇ ಮಾತು ಹೊಡೆದ: "ಬರ್ರಿ ಬರ್ರಿ, ಮಿಲ್ಟ್ರಿ ದೊಡ್ಡ ಸಾಹೇಬರು ಖುದ್ದು ಬರ್ತಾರ, ಗಟ್ಟಿ ಹುಡುಗರು ತಪ್ಪಿಸಬ್ಯಾಡ್ರಿ!" ಈ ಸೀಮೆಗೆ ಮಿಲ್ಟ್ರಿಯವರು ಬರುವುದು ಒಂದೇ ಕಾರಣಕ್ಕೆ, ಭರ್ತಿಗೆ. ಹೀಗಾಗಿ ಸಭೆಯ ದಿನ ಕುಷ್ಟಗಿ ಬಸ್‌ಸ್ಟ್ಯಾಂಡಿನ ಪಕ್ಕದ ಮೈದಾನಕ್ಕೆ ಯಲಬುರ್ಗಾ ಕಡೆಯಿಂದಲೂ ಪಡ್ಡೆಗಳು ಬಂದು ಬಿದ್ದವು. ಅರ್ಧಕ್ಕರ್ಧ ಮಂದಿ ಅಂಗಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ಎದೆ ಉಬ್ಬಿಸಿ, ಉಸಿರು ಹಿಡಿದು ಸಾಲಾಗಿ ನಿಂತಿದ್ದರು, ಅಳೆಯುವವರು ಯಾವ ಕಡೆಯಿಂದ ಬರುತ್ತಾರೋ ಅಂತ.

ಜನರಲ್ ಸಾಹೇಬರು ಕಾರಿನಿಂದ ಇಳಿದರು. ಬೆತ್ತದಂಥ ಮನುಷ್ಯ, ಬೆಳ್ಳಿ ಮೀಸೆ, ಎಪ್ಪತ್ತರ ಹತ್ತಿರದಲ್ಲೂ ನೆಟ್ಟಗಿನ ಬೆನ್ನು. ಬರಿಮೈಯ ಶಿಸ್ತಿನ ಸಾಲು ನೋಡಿ ಅವರಿಗೆ ಕಣ್ಣು ತುಂಬಿ ಬಂತು. ಕೊಟ್ರಬಸಪ್ಪನವರ ಬೆನ್ನು ತಟ್ಟಿ ಏನೋ ಅಂದರು. ಕೊಟ್ರಬಸಪ್ಪನವರು ಇದೆಲ್ಲ ತಮ್ಮದೇ ವ್ಯವಸ್ಥೆ ಅನ್ನುವಂತೆ ತಲೆ ಬಗ್ಗಿಸಿದರು.

ಸಾಹೇಬರು ಹಿಂದಿಯಲ್ಲಿ ಮಾತಾಡಿದರು, ಕೊಟ್ರಬಸಪ್ಪನವರು ಕನ್ನಡಕ್ಕೆ ತಿರುಗಿಸಿದರು.

"ನಾವು ಎಡಕ್ಕೂ ಹೋಗಂಗಿಲ್ಲ, ಬಲಕ್ಕೂ ಹೋಗಂಗಿಲ್ಲ. ನಟ್ಟ ನಡುವ ಹೋಗ್ತೀವಿ!"

"ನಟ್ಟ ನಡುವ ಹೋದ್ರ ಲಾರಿ ಹೊಡಿತೈತ್ರಿ, ಇದು ಕುಷ್ಟಗಿ ಕ್ರಾಸು!" ಅಂತ ಒಬ್ಬ ಮುದುಕ ಕೂಗಿದ. ಉಸಿರು ಹಿಡಿದು ನಿಂತಿದ್ದ ಹುಡುಗರು ನಕ್ಕರು, ಎದೆಗಳೆಲ್ಲ ಒಂದೇ ಸಲ ಇಳಿದುಹೋದವು.

ಬಡವರಿಗೂ ನ್ಯಾಯ, ಸಾಹುಕಾರರಿಗೂ ನ್ಯಾಯ. ಕಾಲುವೆ ಇದ್ದವರಿಗೂ ನೀರು, ಇಲ್ಲದವರಿಗೂ ನೀರು. ಯಾರಿಗೂ ನೋವಾಗದ ಹಾಗೆ ಎಲ್ಲ ಬದಲಾಗಬೇಕು, ಆದರೆ ಅವಸರ ಕೂಡದು. ಕನಕಪ್ಪ ಮಶೀನಿನ ಪಕ್ಕ ಕೂತು ಆಕಳಿಸಿದ. ಹೊಸ ಪಾರ್ಟಿ ಅಂತ ಅಂದುಕೊಂಡಿದ್ದ, ಇದು ಹಳೆಯ ಪಾರ್ಟಿಗಳನ್ನೆಲ್ಲ ಒಂದೇ ಹಂಡೆಯಲ್ಲಿ ಹಾಕಿ ಉಪ್ಪಿಲ್ಲದೆ ಕುದಿಸಿದ ಹಾಗಿತ್ತು.

ಕೊನೆಗೆ ಸಾಹೇಬರು ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಹಿಮ್ಮಡಿ ಜೋಡಿಸಿ, ಗಟ್ಟಿಯಾಗಿ ಕೇಳಿದರು: "ಕೋಯೀ ಸವಾಲ್?"

ಪಲ್ಟನ್ನಿನಲ್ಲಿ ಸಾಹೇಬರ ಮಾತು ಮುಗಿಯಿತು ಅನ್ನುವುದಕ್ಕೆ ಹೀಗೆ 'ಏನಾದರೂ ಪ್ರಶ್ನೆ ಇದೆಯೇ' ಅಂತ ಕೇಳುವುದು ವಾಡಿಕೆ. ಯಾವ ಸಿಪಾಯಿಯೂ ತಿರುಗಿ ಕೇಳುವುದಿಲ್ಲ. ಎಲ್ಲರೂ ಸುಮ್ಮನಿರುತ್ತಾರೆ, ಸಾಹೇಬರು ಹೋಗಿ ಚಹಾ ಕುಡಿಯುತ್ತಾರೆ. ನಲವತ್ತು ವರ್ಷ ಅವರಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಆದರೆ ಇದು ಪಲ್ಟನ್ನಲ್ಲ, ಕುಷ್ಟಗಿ. ಕೇಳಿರಿ ಅಂದರೆ ಕೇಳುವ ಊರು.

"ಐತ್ರಿ ಸವಾಲು!" ಅಂದ ಕನಕಪ್ಪ. ಎರಡನೆಯ ಮೈಕಿನ ವಾಯರು ಎಳೆದು, ವೇದಿಕೆಯ ಮೆಟ್ಟಿಲ ಹತ್ತಿರ ನಿಂತಿದ್ದ ಹುಲಗೆಮ್ಮನ ಕೈಗೆ ಕೊಟ್ಟ.

ಕೊಟ್ರಬಸಪ್ಪನವರ ಮುಖ ಹಳಸಿದ ಹಾಲಿನಂತೆ ಒಡೆಯಿತು. "ಏ ಕನಕ್ಯಾ, ಬಂದ್ ಮಾಡ್ಲೇ ಮೈಕು!"

"ಬಂದ್ ಆಗವಲ್ದರಿ ಯಜಮಾನ್ರ. ಸ್ವಿಚ್ಚು ಹಿಡಕೊಂಡೈತಿ."

ಹುಲಗೆಮ್ಮ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು. "ಯಪ್ಪಾ, ನನ್ನ ಗಂಡ ಮುದಿಯಪ್ಪ. ಊರು ಕರಡಿಹಾಳ. ನಿಮ್ಮ ಯುದ್ಧಕ್ಕ ಹೋದಾವ. ಸತ್ತಾನೇನು, ಬದುಕ್ಯಾನೇನು? ಎರಡರಾಗ ಒಂದು ಹೇಳ್ರಿ. ನಾ ಎದ್ದು ಬಾಳೇವು ಮಾಡಬೇಕು."

ನಾಲ್ಕು ಹಾರ್ನುಗಳಲ್ಲಿ ಆ ಮಾತು ಊರ ಮೇಲೆ ಹೋಯಿತು. ಜನರಲ್ ಸಾಹೇಬರು ಕೊಟ್ರಬಸಪ್ಪನವರ ಕಡೆ ಬಗ್ಗಿ ವಿಷಯ ತಿಳಿದುಕೊಂಡರು. ಮೀಸೆ ಸವರಿದರು. ಒಂದೆರಡು ಮಾತು ಮೆಲ್ಲಗೆ ಅಂದದ್ದೂ ಮೈಕಿನಲ್ಲಿ ಬಂತು, ಆಮೇಲೆ ದೊಡ್ಡ ದನಿಯಲ್ಲಿ ಉದ್ದಕ್ಕೆ ಹೇಳಿ ಕುರ್ಚಿಯಲ್ಲಿ ಕೂತರು.

ಕೊಟ್ರಬಸಪ್ಪನವರು ಗಂಟಲು ಸರಿಮಾಡಿಕೊಂಡರು. "ಸಾಹೇಬರು ಏನಂತಾರಪ್ಪಾ ಅಂದ್ರ, ಕಾಣದ ಸಿಪಾಯಿನ್ನ ಸತ್ತ ಅನ್ನೂದು ಅವಸರ ಆಗ್ತೈತಿ. ಬದುಕ್ಯಾನ ಅನ್ನೂದೂ ಅವಸರ. ಆಸೇನೂ ಬಿಡಬಾರ್ದು, ಆಸೇನೂ ಇಟಗೋಬಾರ್ದು. ನಮ್ಮ ಪಕ್ಷ ಅಧಿಕಾರಕ್ಕ ಬಂದ್ರ ಒಂದು ಸಮಿತಿ ಮಾಡ್ತಾರ. ಚಪ್ಪಾಳಿ ಹೊಡೀರಿ!"

ಯಾರೂ ಹೊಡೆಯಲಿಲ್ಲ. ಕನಕಪ್ಪ ಎದ್ದು ನಿಂತು ಮಶೀನಿನ ಹತ್ತಿರದಿಂದಲೇ ಕೂಗಿದ: "ಹೆಣಕ್ಕ ನಡುದಾರಿ ಇರ್ತೈತೇನ್ರಿ? ಅರ್ಧ ಸತ್ತಾನೇನು? ಮುಂಜಾನಿ ಸತ್ತು ಸಂಜಿಕ ಏಳ್ತಾನೇನು?"

"ಏ ಬಸಪ್ಪಾ!" ಕೆಳಗಿನಿಂದ ಜಿಲಾನಸಾಬ ಎದ್ದ. "ಮೊದಲ ಅಂದ ಮಾತು ಎಲ್ಲಿ ನುಂಗಿದಿ? ನಾವೂ ಉರ್ದು ಕಲತೀವೋ. 'ಮುಝೆ ಕ್ಯಾ ಮಾಲೂಮ್, ಕೌನ್ ಹೈ ಯೇ ಮುದಿಯಪ್ಪ' ಅಂದ್ರಲ್ಲ, ಅದನ್ನ ಹೇಳು!"

ಮುಂದಿನ ಸಾಲಿನಲ್ಲಿ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ದುರುಗವ್ವ ಜಿಲಾನಸಾಬನ ಅಂಗಿ ಹಿಡಿದು ಜಗ್ಗಿದಳು. "ಏನಂದ ಸಾಹೇಬ?"

"ಗೊತ್ತಿಲ್ಲ ಅಂದ ಯವ್ವಾ."

"ಎಲ್ಲಿ ಅದಾನಂತ ಗೊತ್ತಿಲ್ಲೇನು?"

ಜಿಲಾನಸಾಬ ಆ ಕಡೆ ಈ ಕಡೆ ನೋಡಿದ. "ಮುದಿಯಪ್ಪ ಅಂದ್ರ ಯಾರಂತನ ಗೊತ್ತಿಲ್ಲಂತ."

ದುರುಗವ್ವ ಕೂತೇ ಇದ್ದಳು. ಕನಕಪ್ಪ ಮಶೀನಿನ ಪಕ್ಕದಿಂದ ನೋಡಿದ. ಅವ್ವನ ಮುಖದಲ್ಲಿ ಅಳು ಇರಲಿಲ್ಲ. ದೂರದ ಊರಿನ ಬಸ್ಸು ಕಾಯುತ್ತ ಕೂತವರಿಗೆ, ಆ ಬಸ್ಸು ಈ ರಸ್ತೆಗೆ ಬರುವುದೇ ಇಲ್ಲ ಅಂತ ಯಾರೋ ಹೇಳಿದಾಗ ಆಗುತ್ತದಲ್ಲ, ಆ ಥರ. ಎಂಟು ವರ್ಷ ದಿನಾ ಹುಡುಕುತ್ತಿದ್ದಾರೆ ಅಂದುಕೊಂಡಿದ್ದಳು. ಹೆಸರೇ ಗೊತ್ತಿಲ್ಲದವರು ಯಾರನ್ನು ಹುಡುಕುತ್ತಾರೆ?

ಎದ್ದಳು. ಗಂಟು ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಬಿಲ್ಲೆ ಚುಚ್ಚಿಕೊಂಡ ಕಾರ್ಯಕರ್ತನೊಬ್ಬ ಅಡ್ಡ ಬಂದ. "ಸರಿಯೋ ಹಾಟ್ಯಾ" ಅಂದಳು, ಅದೂ ಹುಲಗೆಮ್ಮನ ಕೈಯಲ್ಲಿದ್ದ ಮೈಕಿನಲ್ಲಿ ಬಂದು ಊರಿಗೆಲ್ಲ ಕೇಳಿತು. ಸಾಹೇಬರ ಮುಂದಿನ ಮೇಜಿನ ಮೇಲೆ, ಹೂಮಾಲೆಗಳ ನಡುವೆ ಗಂಟು ಇಟ್ಟಳು.

"ಇದು ನನ್ನ ಮಗಗ ತಂದಿದ್ದೆ. ನೀವ ತಿನ್ರಿ. ಜ್ವಾಳದ್ದು."

ಸಾಹೇಬರಿಗೆ ತಿಳಿಯಲಿಲ್ಲ. ಆದರೂ ಎದ್ದು ನಿಂತರು. ಅಷ್ಟು ಮಾತ್ರ ಅವರನ್ನು ಮೆಚ್ಚಬೇಕು.

ದುರುಗವ್ವ ಸೊಸೆಯ ಕೈಯಿಂದ ಮೈಕು ಇಸಿದುಕೊಂಡಳು. ಎಷ್ಟು ಹತ್ತಿರ ಹಿಡಿಯಬೇಕು ಅನ್ನುವುದು ಗೊತ್ತಿಲ್ಲದೆ ಬಾಯಿಗೆ ಒತ್ತಿ ಹಿಡಿದಳು. ಹಾರ್ನುಗಳು ಒಮ್ಮೆ ಕಿರುಚಿ ಸುಮ್ಮನಾದವು.

"ಮುದಿಯಪ್ಪ ಸತ್ತಾನ. ಹಡದಾಕಿ ನಾನು, ನಾ ಹೇಳ್ತೀನಿ. ನನ್ನ ಮಗ ಸತ್ತಾನ."

ಈ ಮಾತಿಗಾಗಿಯೇ ಕನಕಪ್ಪ ಇಷ್ಟೆಲ್ಲ ಹೂಡಿದ್ದ. ಯಾವನೋ ಮೀಸೆಯವನ ಬಾಯಿಂದ ಬರುತ್ತದೆ ಅಂದುಕೊಂಡಿದ್ದ. ಅವ್ವನ ದನಿ ಬಸ್‌ಸ್ಟ್ಯಾಂಡಿನ ಗೋಡೆಗೆ ಬಡಿದು ತಿರುಗಿ ಬಂದು ಅವನ ಕಿವಿಯಲ್ಲಿ ಇನ್ನೊಮ್ಮೆ ಹೇಳಿತು. ಕೈ ತಾನಾಗಿ ಮಶೀನಿನ ಗುಂಡಿಯ ಕಡೆ ಹೋಗಿ ದನಿ ಸಣ್ಣದು ಮಾಡಿತು. ಹೇಳಿ ಮುಗಿದ ಮೇಲೆ ಸಣ್ಣದು ಮಾಡಿ ಏನು ಬಂತು? ಅಣ್ಣ ಸತ್ತಿದ್ದಾನೆ ಅಂತ ತಾನೇ ಊರೆಲ್ಲ ಸಾರಿಕೊಂಡು ತಿರುಗಿದವನು, ಈಗ ಮೊದಲ ಸಲ ಅದನ್ನು ಕೇಳಿದ.

ಕೊಟ್ರಬಸಪ್ಪನವರು ಚೇತರಿಸಿಕೊಂಡರು. "ಹಂಗಲ್ಲಬೇ ದುರುಗವ್ವ, ಇಂಥಾದ್ದು ದೈವದವರ ಮುಂದ ಕುಂತು, ವಿಚಾರ ಮಾಡಿ..."

ಕನಕಪ್ಪ ಒಂದೇ ಜಿಗಿತಕ್ಕೆ ವೇದಿಕೆ ಹತ್ತಿ, ಅವ್ವನ ಕೈಯಿಂದ ಮೈಕು ತೆಗೆದುಕೊಂಡು ಅವರ ಬಾಯಿಗೆ ಹಿಡಿದ. "ಇದರಾಗ ಹೇಳ್ರಿ ಯಜಮಾನ್ರ. ಹಡದಾಕಿ ಮಾತು ನಡಿತೈತೋ ಇಲ್ಲೋ? ಮಂದಿಗೆ ಕೇಳ್ಲಿ. ವೋಟು ಹಾಕೂ ಮಂದಿ ಇದು."

ಕೊಟ್ರಬಸಪ್ಪನವರು ಮೈದಾನ ನೋಡಿದರು. ಮುಂದಿನ ಸಾಲಿನ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಭರ್ತಿ ಇಲ್ಲ ಅನ್ನುವುದು ಅಷ್ಟರಲ್ಲಿ ಗೊತ್ತಾಗಿ, ಬರಿಮೈಯ ಪಡ್ಡೆಗಳ ಕೈಗಳೂ ಏನಾದರೂ ಕೆಲಸ ಹುಡುಕುತ್ತಿದ್ದವು.

"ನಡಿತೈತಿ," ಅಂದರು.

"ಗಟ್ಟ್ಯಾಗಿ."

"ನಡಿತೈತಿ! ಉಡಕಿ ಮಾಡ್ರಿ! ದೈವದವರದು ಒಪ್ಪಿಗಿ ಐತಿ!" ಅಂತ ಕೊಟ್ರಬಸಪ್ಪನವರು ನಾಲ್ಕು ಹಾರ್ನುಗಳಲ್ಲಿ ಕಿರುಚಿದರು. ಆ ಒಂದು ಮಾತಿಗೆ ಮಾತ್ರ ಆವತ್ತು ಚಪ್ಪಾಳೆ ಬಿತ್ತು. ಚಪ್ಪಾಳೆ ತಮಗೇ ಅಂದುಕೊಂಡು ಜನರಲ್ ಸಾಹೇಬರು ಸೆಲ್ಯೂಟ್ ಹೊಡೆದರು.

ಮಂದಿ ಕರಗಿತು. ಕನಕಪ್ಪ ಕಂಬ ಹತ್ತಿ ಹಾರ್ನು ಬಿಚ್ಚುತ್ತಿದ್ದ. ಮೇಲಿಂದ ನೋಡಿದರೆ ಅವ್ವ ಮತ್ತು ಅತ್ತಿಗೆ ಬಸ್‌ಸ್ಟ್ಯಾಂಡಿನ ಕಡೆ ಹೊರಟಿದ್ದರು. ಹುಲಗೆಮ್ಮ ಒಂದು ಹೆಜ್ಜೆ ಹಿಂದೆ, ಮುಖಕ್ಕೆ ಸೆರಗು ಹಿಡಿದು. ಅಳುತ್ತಿದ್ದಳು ಅಂತ ಕಾಣುತ್ತದೆ. ಎಂಟು ವರ್ಷ ಆಕೆಗೆ ಅಳುವುದಕ್ಕೂ ಅಪ್ಪಣೆ ಇರಲಿಲ್ಲ.

"ಅವ್ವಾ, ನಿಂದ್ರು! ಜೀಪಿನ್ಯಾಗ ಬಿಟ್ಟು ಬರ್ತೀನಿ!"

ದುರುಗವ್ವ ನಿಂತಳು, ತಿರುಗಿ ಮೇಲೆ ನೋಡಿದಳು. "ನನ್ನ ಜೋಡಿ ಮಾತಾಡಬ್ಯಾಡ ನೀನು. ನನ್ನ ಬಾಯಿಂದ ಏನ್ ಆಡಿಸಿದೆಲೋ. ನಿನ್ನ ಮೈಕಿಗೆ ಬೆಂಕಿ ಹತ್ಲಿ."

ಕನಕಪ್ಪ ತಲೆ ಬಗ್ಗಿಸಿ ಹಾರ್ನಿನ ಇನ್ನೊಂದು ಗಂಟು ಬಿಚ್ಚಿದ.

ಆಕೆ ನಾಲ್ಕು ಹೆಜ್ಜೆ ಹೋದಳು. ಸೊಸೆ ಹಿಂದೆ ಉಳಿದದ್ದು ನೋಡಿ ನಿಂತು, ಆಕೆಯ ರಟ್ಟೆ ಹಿಡಿದು ತನ್ನ ಸರಿಸಮ ಎಳೆದುಕೊಂಡಳು. "ಆ ಗಂಗಾವತಿಯಾವ ಕುಡಿತಾನೇನು?"

"ಇಲ್ಲತ್ತಿ."

"ಸುಳ್ಳು ಹೇಳಬ್ಯಾಡ. ಹಮಾಲಿ ಮಾಡಾವ ಕುಡಿಯಂಗಿಲ್ಲಂದ್ರ ಯಾರ ನಂಬ್ತಾರ?"

"ಹಬ್ಬಕ್ಕಷ್ಟ, ಅತ್ತಿ."

"ಹೂಂ," ಅಂದಳು ದುರುಗವ್ವ. ಆಮೇಲೆ ಕಂಬದ ಕಡೆ ನೋಡದೆಯೇ, ಕಂಬದ ಮೇಲಿದ್ದವನಿಗೆ ಕೇಳುವಷ್ಟು ದೊಡ್ಡದಾಗಿ ಅಂದಳು: "ಅವಗ ಹೇಳಿ ಕಳಸು. ಸೀರಿ ಹಸರ ಬಣ್ಣದ್ದು ತರಬ್ಯಾಡ ಅನ್ನು. ಹಸರು ಮುದಿಯಪ್ಪ ತಂದಿದ್ದ."

ಕನಕಪ್ಪ ಕಂಬವನ್ನು ಎರಡೂ ಕಾಲಲ್ಲಿ ಗಟ್ಟಿಯಾಗಿ ಅಪ್ಪಿ ಹಿಡಿದು, ಬಿಚ್ಚಿದ ಹಾರ್ನು ಎದೆಗೆ ಆನಿಸಿಕೊಂಡು, ಗಂಗಾವತಿ ಬಸ್ಸು ಎಷ್ಟು ಹೊತ್ತಿಗೆ ಅಂತ ಕೆಳಗಿದ್ದ ಜಿಲಾನಸಾಬನನ್ನು ಕೇಳಿದ.